ಎರಡು ಕರೆಂಟು ಒಂದೆಡೆ ಸೇರಬಾರದು

ಕರೆಂಟು ಹೋದೊಡನೆ ಜನರೇಟರಿಗೋ ಬ್ಯಾಟರಿಗೋ ತಾನಾಗಿ ಬದಲಾಯಿಸುವ ಸಾಧನ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ಬೇಗ ಬದಲಾಗುತ್ತದೆ?’ ಎಂದು. ಈ ಸಾಧನಗಳು ಬೆಳೆದು ಬಂದ ಬಗೆ ನೋಡಿದರೆ ಅದು ಎರಡನೆಯ ಪ್ರಶ್ನೆ. ಎರಡು ಮೂಲಗಳು ಎಂದಾದರೂ ಒಂದಕ್ಕೊಂದು ತಾಗುವ ಸಾಧ್ಯತೆ ಇದೆಯೇ ಎಂಬುದು ಮೊದಲನೆಯದು.

ಹಳೆಯ ಕೈಹಿಡಿ ಚೇಂಜ್‌ಓವರ್ ಈ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆಯುತ್ತದೆ. ಒಂದು ಕಡೆ ಮೇನ್ಸ್, ಇನ್ನೊಂದು ಕಡೆ ಜನರೇಟರ್, ನಡುವೆ ಆಫ್. ಇರುವ ಒಂದೇ ಹಿಡಿ ಏಕಕಾಲಕ್ಕೆ ಎರಡೂ ಕಡೆ ನಿಲ್ಲಲಾರದು. ಅದಿಲ್ಲದೆ ಜನರೇಟರನ್ನು ನೇರವಾಗಿ ಮನೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ಕರೆಂಟು ಬೀದಿಗೆ ಹರಿಯುತ್ತದೆ, ಅಲ್ಲಿಯ ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಏರಿ ಸಾವಿರಾರು ವೋಲ್ಟ್ ಆಗುತ್ತದೆ. ಲೈನ್ ಆಫ್ ಆಗಿದೆಯೆಂದು ಕಂಬ ಹತ್ತಿದ ಲೈನ್‌ಮನ್‌ನ ಜೀವಕ್ಕೇ ಅಪಾಯ.

ಕೈಯ ಕೆಲಸವನ್ನು ಮೊದಲು ವಹಿಸಿಕೊಂಡದ್ದು ಕಾಂಟ್ಯಾಕ್ಟರ್ ಜೋಡಿ, ಅಂದರೆ ಕಾಯಿಲ್‌ಗೆ ಕರೆಂಟು ಕೊಟ್ಟಾಗ ಕೂಡುವ ಎರಡು ಸ್ವಿಚ್ಚು. ಒಂದು ಕೂಡಿರುವಾಗ ಇನ್ನೊಂದರ ಕಾಯಿಲ್‌ಗೆ ಕರೆಂಟು ಸಿಗದಂತೆ ವೈರಿಂಗ್ ಮಾಡುತ್ತಾರೆ. ಅಷ್ಟೇ ಸಾಲದು. ಕಾಂಟ್ಯಾಕ್ಟು ಬೆಸೆದುಕೊಂಡರೂ ತಡೆಯುವ ಮೆಕ್ಯಾನಿಕಲ್ ಇಂಟರ್‌ಲಾಕ್ ಬೇಕೇ ಬೇಕು. ನಾಲ್ಕು ಕಾಸು ಉಳಿಸಲು ಅದನ್ನು ಬಿಟ್ಟ ಪ್ಯಾನೆಲ್ಲನ್ನು ನಾನಂತೂ ಒಪ್ಪುವುದಿಲ್ಲ. ಕಾಂಟ್ಯಾಕ್ಟರಿನ ಇನ್ನೊಂದು ತೊಂದರೆ, ಕಾಯಿಲ್ ಸದಾ ಕರೆಂಟು ಕುಡಿಯುತ್ತಲೇ ಇರಬೇಕು. ಲೋ ವೋಲ್ಟೇಜ್ ಬಂದರೆ ಹಿಡಿಯಲೂ ಆಗದೆ ಬಿಡಲೂ ಆಗದೆ ಪಟಪಟ ಬಡಿದುಕೊಂಡು ಕಾಂಟ್ಯಾಕ್ಟು ಸುಟ್ಟುಕೊಳ್ಳುತ್ತದೆ. ಮೋಟಾರಿನ ಚೇಂಜ್‌ಓವರ್ ಇದಕ್ಕೆ ಪರಿಹಾರ: ಹಳೆಯ ಹಿಡಿಯನ್ನೇ ಯಂತ್ರ ತಿರುಗಿಸುತ್ತದೆ, ತಿರುಗಿದ ಮೇಲೆ ಸ್ವಿಚ್ಚು ಕರೆಂಟಿನ ಹಂಗಿಲ್ಲದೆ ನಿಲ್ಲುತ್ತದೆ.

ಐಇಸಿ 60947-6-1 ಮಾನದಂಡ ಈ ಸಾಧನಗಳನ್ನು ವರ್ಗೀಕರಿಸಿದೆ. ಪಿಸಿ ವರ್ಗದ್ದು ಶಾರ್ಟ್ ಸರ್ಕ್ಯೂಟ್ ಕರೆಂಟನ್ನು ಸಹಿಸುತ್ತದೆ, ಕಡಿಯುವುದಿಲ್ಲ. ಅದಕ್ಕೆ ಬೇರೆ ಬ್ರೇಕರ್ ಬೇಕು. ಸಿಬಿ ವರ್ಗದ್ದು ಬ್ರೇಕರುಗಳಿಂದಲೇ ಆದದ್ದು, ಕಡಿಯುತ್ತದೆ. ಸಿಸಿ ಎಂದರೆ ಕಾಂಟ್ಯಾಕ್ಟರುಗಳದ್ದು.

ವೇಗದ ಕಥೆ ಬೇರೆ. 1957ರಲ್ಲಿ ಜನರಲ್ ಎಲೆಕ್ಟ್ರಿಕ್ ಥೈರಿಸ್ಟರ್ ಎಂಬ ಅರೆವಾಹಕ ಸ್ವಿಚ್ಚನ್ನು ಹೊರತಂದ ಮೇಲೆ ಚಲಿಸುವ ಭಾಗವೇ ಇಲ್ಲದ ಸ್ಟ್ಯಾಟಿಕ್ ಸ್ವಿಚ್ ಸಾಧ್ಯವಾಯಿತು. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಆವರ್ತಕ್ಕೆ 20 ಮಿಲಿಸೆಕೆಂಡು; ಇದು ಅದರ ಕಾಲುಭಾಗದಷ್ಟರಲ್ಲೇ ಬದಲಿಸಬಲ್ಲದು. ಆದರೆ ಒಮ್ಮೆ ಹೊತ್ತಿಕೊಂಡ ಥೈರಿಸ್ಟರ್ ಕರೆಂಟು ಸೊನ್ನೆಗೆ ಇಳಿಯುವವರೆಗೆ ಆರುವುದಿಲ್ಲ. ಅಷ್ಟರೊಳಗೆ ಇನ್ನೊಂದು ಕಡೆಯದನ್ನು ಹೊತ್ತಿಸಿದರೆ ಎರಡು ಮೂಲಗಳು ಕೂಡಿಬಿಡುತ್ತವೆ. ಜೊತೆಗೆ ಸುಮಾರು ಒಂದೂವರೆ ವೋಲ್ಟ್ ಅದರಲ್ಲೇ ಕಳೆದುಹೋಗುತ್ತದೆ: 100 ಆಂಪಿಯರ್ ಹರಿದರೆ ಪ್ರತಿ ಫೇಸಿಗೂ 150 ವಾಟ್ ಶಾಖ. ಆಫ್ ಆಗಿದ್ದಾಗಲೂ ಅಲ್ಪಸ್ವಲ್ಪ ಸೋರುವುದರಿಂದ, ರಿಪೇರಿಗೆ ಕೈ ಹಾಕುವ ಮುನ್ನ ತೆರೆಯಲು ಮಾಮೂಲಿ ಸ್ವಿಚ್ಚೂ ಇರಬೇಕು. ಡೇಟಾ ಸೆಂಟರಿಗೆ ಇವೆಲ್ಲ ಸರಿ, ಮನೆಗೆ ದುಂದು.

ಬೆಂಗಳೂರಿನಲ್ಲಿ ಬೆಳೆದ ಬಿ. ಜಯಂತ್ ಬಾಳಿಗ 1980ರ ದಶಕದ ಆರಂಭದಲ್ಲಿ ಅದೇ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದು ಬೆಳೆಸಿದ ಐಜಿಬಿಟಿ ಎಂಬ ಟ್ರಾನ್ಸಿಸ್ಟರ್ ಈಗ ಆನ್‌ಲೈನ್ ಯುಪಿಎಸ್‌ಗಳ ಜೀವಾಳ. ಅಲ್ಲಿ ಲೋಡು ಸದಾ ಇನ್ವರ್ಟರಿನ ಮೇಲೇ ಇರುವುದರಿಂದ ಕರೆಂಟು ಹೋದಾಗ ಬದಲಿಸುವ ಪ್ರಶ್ನೆಯೇ ಇಲ್ಲ. ಆದರೂ ಓವರ್‌ಲೋಡ್ ಆದಾಗಿನ ಬೈಪಾಸ್ ದಾರಿಗೆ ಸಾಮಾನ್ಯವಾಗಿ ಥೈರಿಸ್ಟರೇ ಗತಿ. ಕ್ಷಣಿಕ ಭಾರಿ ಕರೆಂಟನ್ನು ಅದರಷ್ಟು ಗಟ್ಟಿಯಾಗಿ ತಾಳುವವರು ಕಡಿಮೆ.

ಸೋಲಾರ್, ಬ್ಯಾಟರಿ ಎಂದು ಡಿಸಿ ಕಡೆಗೆ ಬಂದವರು ಎಚ್ಚರವಾಗಿರಬೇಕು. ಎಸಿ ಕಿಡಿ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುವುದರಿಂದ ತಾನೇ ಆರುತ್ತದೆ, ಡಿಸಿ ಕಿಡಿ ಆರದು. 250 ವೋಲ್ಟ್ ಎಸಿಗೆ ಒಪ್ಪುವ ಸಾಮಾನ್ಯ ರಿಲೇಯ ಮೇಲೆ ಡಿಸಿಗೆ 30 ವೋಲ್ಟ್ ಎಂದಷ್ಟೇ ಬರೆದಿರುವುದು ಅದಕ್ಕೇ. ಸಣ್ಣ ಡಿಸಿ ಕೆಲಸಕ್ಕೆ ಮೂಲಕ್ಕೊಂದರಂತೆ ಎರಡು ಡಯೋಡು ಸಾಕಾಗುತ್ತಿತ್ತು. 10 ಆಂಪಿಯರಿನಲ್ಲಿ ಅರ್ಧ ವೋಲ್ಟ್ ಬಿದ್ದರೆ 5 ವಾಟ್ ನಷ್ಟ. ಅದರ ಬದಲು 5 ಮಿಲಿಓಮ್‌ನ ಮಾಸ್‌ಫೆಟ್ ಟ್ರಾನ್ಸಿಸ್ಟರ್ ಹಾಕಿದರೆ ಅರ್ಧ ವಾಟ್ ಮಾತ್ರ.

ಅಪಾರ್ಟ್‌ಮೆಂಟಿನ ಡೀಸೆಲ್ ಜನರೇಟರ್ ಓಡಿ ವೋಲ್ಟೇಜ್ ಕೊಡಲೇ ಕೆಲವು ಸೆಕೆಂಡು ಬೇಕು. ಅಲ್ಲಿ ಮಿಲಿಸೆಕೆಂಡಿಗೆ ಹಣ ಸುರಿಯಬೇಡಿ. ಮೋಟಾರಿನ ಚೇಂಜ್‌ಓವರ್ ಕೊಳ್ಳಿ. ಲಿಫ್ಟು, ಪಂಪು ಇದ್ದರೆ ಎಸಿ-31 ಅಲ್ಲ, ಮೋಟಾರ್ ಲೋಡಿಗೆ ಒಪ್ಪುವ ಎಸಿ-33 ದರ್ಜೆ ಎಂದು ಫಲಕದ ಮೇಲೆ ಬರೆದಿದೆಯೇ ನೋಡಿ ಕೊಳ್ಳಿ.