ಡೆಂಕಾಲಿಯ ಫ್ಯಾಂಟಮ್, ದಾಂಡೇಲಿಯ ನಾವು

ಇಲ್ಲಿ ಏನೂ ಬರೆಯದೆ ತುಂಬಾ ದಿನ ಆಯ್ತು. ಆಫೀಸು, ರಿಲೀಸು, ರಾತ್ರಿ ಹತ್ತಕ್ಕೆ ಕಾಲ್... ನಿಮಗೆಲ್ಲ ಗೊತ್ತಿರೋ ಕಥೆಯೇ. ಮೊನ್ನೆ ಮೂರು ದಿನ ರಜೆ ಸಿಕ್ಕಿತು ಅಂತ ದಾಂಡೇಲಿಗೆ ಹೋಗಿದ್ದೆ. ಮನೆಗೆ ಸುಣ್ಣ ಬಣ್ಣ ಮಾಡಿಸೋ ಗಡಿಬಿಡಿಯಲ್ಲಿ ಅಮ್ಮ ಅಟ್ಟ ಖಾಲಿ ಮಾಡಿಸ್ತಾ ಇದ್ದಳು. ಆಗ ಸಿಕ್ಕಿದ್ದು ಸೋದರಮಾವನ ತಗಡಿನ ಟ್ರಂಕು. ಒಳಗೆ ಇಂದ್ರಜಾಲ ಕಾಮಿಕ್ಸ್! ದಾರ ಹಾಕಿ ಹೊಲಿದ ಬೈಂಡು, ಅಂಚೆಲ್ಲ ಗೆದ್ದಲು ತಿಂದಿದೆ. ಕೆಲವು ಇಂಗ್ಲಿಷು, ಕೆಲವು ಹಿಂದಿ, ನಾಕೋ ಐದೋ ಕನ್ನಡ. ನಮ್ಮೂರೂ ಹಾಗೇ ಅಲ್ವಾ, ಒಂದೇ ಬೀದಿಯಲ್ಲಿ ಐದು ಭಾಷೆ :)

ಒಂಬತ್ತು ಹತ್ತು ವರ್ಷದವನಿದ್ದಾಗ ಇವನ್ನೆಲ್ಲ ಅಕ್ಷರ ಅಕ್ಷರ ಓದಿದ್ದೆ. ಆಗ ನನಗೊಂದು ದೊಡ್ಡ ನಂಬಿಕೆ ಇತ್ತು. ಫ್ಯಾಂಟಮ್ ಇರೋ ಊರಿನ ಹೆಸರು ಡೆಂಕಾಲಿ. ಡೆಂಕಾಲಿ, ದಾಂಡೇಲಿ... ಇವೆರಡೂ ಒಂದೇ, ಪ್ರಿಂಟಿನವರು ತಪ್ಪು ಮಾಡಿದ್ದಾರೆ ಅಂತ! ಕಾಡಿದೆ, ಕಾಳಿ ನದಿ ಇದೆ, ಕರಿಚಿರತೆ ಇದೆ, ತಲೆಬುರುಡೆ ಗವಿ ಬೇಕೆಂದರೆ ಕವಳಾ ಗುಹೆ ಇದೆ. ಇನ್ನೇನು ಬೇಕು ಹೇಳಿ?

ಡೆಂಕಾಲಿ ಹುಟ್ಟಿದ್ದು ಹೇಗೆ ಅಂತ ಗೊತ್ತಾಗಿದ್ದು ಇಂಜಿನಿಯರಿಂಗ್ ಓದುವಾಗ. ಮೂಲದಲ್ಲಿ ಆ ಜಾಗದ ಹೆಸರು ಬೆಂಗಾಲಿ. ಟೈಮ್ಸ್ ಆಫ್ ಇಂಡಿಯಾದವರು 1964ರಲ್ಲಿ ಇಂದ್ರಜಾಲ ಶುರು ಮಾಡಿದಾಗ, ನಮ್ಮ ಬಂಗಾಳದ ಜತೆ ಗೊಂದಲ ಬೇಡ ಅಂತ ಅದನ್ನು ಡೆಂಕಾಲಿ ಮಾಡಿದರು. ಕಡಲ್ಗಳ್ಳರಾದ 'ಸಿಂಗ್' ಪಂಗಡದವರು 'ಸಿಂಗಾ' ಆದರು. ಫ್ಯಾಂಟಮ್‌ನ ಅಪ್ಪನನ್ನು ಕೊಂದವನ ಹೆಸರು ಮೂಲದಲ್ಲಿ ರಾಮ. ಅದನ್ನು ಹಾಗೇ ಬಿಟ್ಟರೆ ಗತಿಯೇನು? ಅವನು 'ರಾಮಲು' ಆದ! ಅಂದರೆ ನಾವು ಓದಿದ ಫ್ಯಾಂಟಮ್ ಅಮೆರಿಕದ ಫ್ಯಾಂಟಮ್ ಅಲ್ಲ, ಮುಂಬಯಿಯ ಸಂಪಾದಕರ ಮೇಜಿನ ಮೇಲೆ ಇನ್ನೊಮ್ಮೆ ಹುಟ್ಟಿದವನು.

ಅಲ್ಲಿಂದ ನನಗೆ ಈ ಹುಚ್ಚು ಹಿಡಿಯಿತು. ಒಬ್ಬ ಹೀರೋನನ್ನು ಯಾರು ಬರೆಯುತ್ತಾರೆ ಅನ್ನೋದರ ಮೇಲೆ ಅವನು ಎಷ್ಟು ಬದಲಾಗುತ್ತಾನೆ? ಟ್ರಂಕು ಸಿಕ್ಕ ಮೇಲೆ ಇದು ಮತ್ತೆ ತಲೆ ತಿನ್ನತೊಡಗಿತು. ಅದಕ್ಕೇ ಈ ಉದ್ದನೆಯ ಪೋಸ್ಟು. ಚಾ ಮಾಡಿಕೊಂಡು ಬಂದು ಓದಿ.

ಫ್ಯಾಂಟಮ್‌ನ ಅಪ್ಪ ಲೀ ಫಾಕ್. ಅಮೆರಿಕದ ಸೇಂಟ್ ಲೂಯಿಸ್‌ನವನು. 1934ರಲ್ಲಿ ಮಾಂಡ್ರೇಕ್, 1936ರ ಫೆಬ್ರವರಿಯಲ್ಲಿ ಫ್ಯಾಂಟಮ್. ಮಜಾ ಏನೆಂದರೆ ಫ್ಯಾಂಟಮ್ ಕಾಡಿನವನಾಗಬೇಕು ಅಂತ ಮೊದಲು ಇರಲೇ ಇಲ್ಲ. ಜಿಮ್ಮಿ ವೆಲ್ಸ್ ಅಂತ ಒಬ್ಬ ಶ್ರೀಮಂತ, ಸೋಮಾರಿ ಹುಡುಗ. ಅವನೇ ರಾತ್ರಿ ಮುಖವಾಡ ಹಾಕಿಕೊಂಡು ಕಳ್ಳರನ್ನು ಹಿಡಿಯುತ್ತಾನೆ ಅನ್ನೋದು ಫಾಕ್‌ನ ಯೋಜನೆ. ಮೊದಲ ಕಥೆ ಪತ್ರಿಕೆಯಲ್ಲಿ ಓಡುತ್ತಿರುವಾಗಲೇ ಮನಸ್ಸು ಬದಲಾಯಿಸಿದ. ನಾಯಕನನ್ನು ದೂರದ ಕಾಡಿಗೆ ಕಳಿಸಿ, 1536ರಲ್ಲಿ ದಡಕ್ಕೆ ಬಿದ್ದ ಪೂರ್ವಜ, ತಲೆಬುರುಡೆಯ ಮೇಲೆ ಪ್ರತಿಜ್ಞೆ, ಅಪ್ಪನಿಂದ ಮಗನಿಗೆ ಬರುವ ಮುಖವಾಡ, 21 ತಲೆಮಾರು... ಎಲ್ಲ ಸೇರಿಸಿದ. ಜಿಮ್ಮಿ ವೆಲ್ಸ್ ಏನಾದ ಅಂತ ಯಾರೂ ಕೇಳಲಿಲ್ಲ. ಪ್ರೊಡಕ್ಷನ್‌ನಲ್ಲೇ ಕೋಡ್ ಬದಲಾಯಿಸೋದು ಅಂದರೆ ಇದೇ ನೋಡಿ!

ಬಣ್ಣದ ಕಥೆಯೂ ಹಾಗೇ. ಫಾಕ್‌ನ ತಲೆಯಲ್ಲಿ ಇದ್ದದ್ದು ಬೂದು ಬಣ್ಣದ ದಿರಿಸು. 1939ರಲ್ಲಿ ಭಾನುವಾರದ ಬಣ್ಣದ ಪುಟ ಶುರುವಾದಾಗ ಅದು ನೇರಳೆಯಾಗಿ ಅಚ್ಚಾಯಿತು, ಕೊನೆಗೆ ಅದೇ ಉಳಿಯಿತು. ಚಿತ್ರಕಾರರು ಬದಲಾದಂತೆ ಅವನೂ ಬದಲಾದ. ರೇ ಮೂರ್ ಬರೆದ ಫ್ಯಾಂಟಮ್ ನೆರಳಿನಲ್ಲಿ ಅಡಗಿದವನು, ನಿಜಕ್ಕೂ ಭೂತದ ಹಾಗೆ. ವಿಲ್ಸನ್ ಮೆಕಾಯ್ ಕೈಯಲ್ಲಿ ಸರಳ ಗೆರೆಯ, ಪಕ್ಕದ ಮನೆಯವನಂಥ ಮನುಷ್ಯ. 1961ರಲ್ಲಿ ಮೆಕಾಯ್ ತೀರಿಕೊಂಡ ಮೇಲೆ ಸೈ ಬ್ಯಾರಿ ಬಂದ. ಕಟ್ಟುಮಸ್ತು ಮೈ, ಸಿನೆಮಾ ಹೀರೋ ಥರದ ನಿಲುವು. ನನ್ನ ಮಾವ ಬಾಲ್ಯದಲ್ಲಿ ಕಂಡದ್ದು ಹೆಚ್ಚಾಗಿ ಈ ಬ್ಯಾರಿಯ ಫ್ಯಾಂಟಮ್‌ನನ್ನೇ.

ಇನ್ನು ಇದಕ್ಕಿಂತ ಮುಖ್ಯವಾದ ವಿಷಯ. ಫಾಕ್ 1936ರಿಂದ 1999ರಲ್ಲಿ ಸಾಯುವ ತನಕ, ಅರವತ್ತು ವರ್ಷದ ಮೇಲೆ ಒಂದೇ ಪಾತ್ರವನ್ನು ಬರೆದ. ಅಷ್ಟರಲ್ಲಿ ಪ್ರಪಂಚ ಎಷ್ಟು ಬದಲಾಯಿತು! ಶುರುವಿನಲ್ಲಿ ಫ್ಯಾಂಟಮ್‌ನ ದೇಶ ನಮ್ಮ ಸುತ್ತಮುತ್ತಲಿನ ಏಷ್ಯಾದಲ್ಲೆಲ್ಲೋ ಇತ್ತು. ಅರವತ್ತರ ದಶಕದ ಹೊತ್ತಿಗೆ ಆಫ್ರಿಕಕ್ಕೆ ಸರಿದಿತ್ತು. ಆಗ ಆಫ್ರಿಕದ ದೇಶಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದವು. ಫಾಕ್ ಕೂಡ ತನ್ನ ಕಾಗದದ ದೇಶಕ್ಕೆ ಲಮಾಂಡಾ ಲುವಾಗಾ ಅನ್ನೋ ಆಫ್ರಿಕನ್ ಡಾಕ್ಟರನ್ನು ಅಧ್ಯಕ್ಷನಾಗಿ ತಂದ, ಎದುರಿಗೆ ಬಬಾಬು ಅನ್ನೋ ಸರ್ವಾಧಿಕಾರಿ ಜನರಲ್‌ನನ್ನು ಇಟ್ಟ. ಜಂಗಲ್ ಪೆಟ್ರೋಲ್‌ಗೆ ಮೊದಲು ಬಿಳಿಯ ಕರ್ನಲ್ ವೀಕ್ಸ್ ಇದ್ದ, ಆಮೇಲೆ ಕರ್ನಲ್ ವೊರುಬು ಬಂದ. ಡಯಾನಾ ಬರೀ ಅಪಹರಣವಾಗೋ ನಾಯಕಿಯಾಗಿ ಉಳಿಯದೆ ವಿಶ್ವಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದಳು. 1977ರಲ್ಲಿ ಮದುವೆಯೂ ಆಯಿತು. ಒಬ್ಬನೇ ಲೇಖಕ, ಆದರೂ ಒಳಗೆ ಮೂರ್ನಾಲ್ಕು ಜನ ಲೇಖಕರು.

ಫಾಕ್ ಒಬ್ಬನೇ ಬರೆದದ್ದೂ ಅಲ್ಲ. ಸ್ವೀಡನ್ನಿನಲ್ಲಿ 1950ರಲ್ಲಿ ಶುರುವಾದ ಫ್ಯಾಂಟಮ್ ಪತ್ರಿಕೆಯವರು ಮುಂದೆ ತಮ್ಮದೇ ಲೇಖಕರಿಂದ ಕಥೆ ಬರೆಸಿದರು. ಹಳೆಯ ಶತಮಾನಗಳ ಫ್ಯಾಂಟಮ್‌ಗಳು, ಯುರೋಪಿನ ಇತಿಹಾಸ, ಹಡಗು, ಯುದ್ಧ. ಅಮೆರಿಕದ ದಿನಪತ್ರಿಕೆಗಳಲ್ಲಿ 1999ರ ನಂತರ ಟೋನಿ ಡಿಪಾಲ್ ಬರೆಯತೊಡಗಿದ.

ನಮ್ಮಲ್ಲೂ ಯಾರೋ ಯೋಚಿಸಿದರು, ಬಿಳಿಯ ಹೀರೋಗಳು ಸಾಕು, ನಮ್ಮವನೇ ಒಬ್ಬ ಬೇಡವೇ ಅಂತ. 1976ರಲ್ಲಿ ಆಬಿದ್ ಸುರತಿ ಇದೇ ಇಂದ್ರಜಾಲಕ್ಕೆ ಬಹಾದೂರ್‌ನನ್ನು ಕೊಟ್ಟರು. ಚಿತ್ರ ಗೋವಿಂದ ಬ್ರಾಹ್ಮಣಿಯಾ. ಕೇಸರಿ ಕುರ್ತಾ, ಕೆಳಗೆ ಜೀನ್ಸು. ಅಪ್ಪ ಡಕಾಯಿತ, ಅವನನ್ನು ಕೊಂದ ಪೊಲೀಸ್ ಅಧಿಕಾರಿಯೇ ಮಗನನ್ನು ಸಾಕುತ್ತಾನೆ. ಬಹಾದೂರ್ ಹಳ್ಳಿ ಜನರನ್ನು ಸೇರಿಸಿ ಅವರದೇ ಕಾವಲು ದಳ ಕಟ್ಟುತ್ತಾನೆ. ಫ್ಯಾಂಟಮ್ ಬುಡಕಟ್ಟುಗಳನ್ನು 'ಕಾಯುತ್ತಾನೆ', ಬಹಾದೂರ್ ಜನರು ತಮ್ಮನ್ನು ತಾವೇ ಕಾಯುವಂತೆ ಮಾಡುತ್ತಾನೆ. ಅದೇ ಪತ್ರಿಕೆ, ಅದೇ ಪುಟದ ಅಳತೆ. ಬರೆದವನು ಬೇರೆ, ಅಷ್ಟೇ.

(ಕನ್ನಡಿಗರಿಗೆ ಹೆಮ್ಮೆಯ ಸಂಗತಿ ಒಂದು ಹೇಳಿಬಿಡ್ತೀನಿ. ಅಮರ ಚಿತ್ರ ಕಥೆ ಮೊದಲು ಬಂದದ್ದು ಇಂಗ್ಲಿಷಿನಲ್ಲಿ ಅಲ್ಲ, 1965ರಲ್ಲಿ ಕನ್ನಡದಲ್ಲಿ. ಬೆಂಗಳೂರಿನಲ್ಲಿದ್ದ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರ ಯೋಚನೆ ಅದು. ಆದರೆ ಆ ಮೊದಲ ಪುಸ್ತಕಗಳಲ್ಲಿ ಇದ್ದದ್ದು ಸಿಂಡ್ರೆಲಾ ಥರದ ಹೊರಗಿನ ಕಥೆಗಳೇ! ಕೃಷ್ಣ ಬಂದದ್ದು ಆಮೇಲೆ.)

ಸರಿ, ಈಗ ನಾನು ನಿಜವಾಗಿ ಹೇಳಬೇಕೆಂದು ಕೂತ ವಿಷಯ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಇದನ್ನು ಹೇಳೋಕೆ ಸ್ವಲ್ಪ ಅಳುಕು ಇದ್ದದ್ದರಿಂದ.

ಫ್ಯಾಂಟಮ್ ಕಥೆಯಲ್ಲಿ ಕಾಡಿನೊಳಗೆ ಕುಳ್ಳ ಜನರ ಒಂದು ಬುಡಕಟ್ಟು ಇದೆ. ಫಾಕ್ ಇಟ್ಟ ಹೆಸರು ಬಂದರ್. ಕಿಪ್ಲಿಂಗ್‌ನ ಜಂಗಲ್ ಬುಕ್ ಓದಿದವರಿಗೆ ಅದರಲ್ಲಿನ ಮಂಗಗಳ ಹಿಂಡು ನೆನಪಾಗದೆ ಇರದು. ವಸಾಕಾ ಅನ್ನೋ ಜನ ಇವರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು, ಮೊದಲ ಫ್ಯಾಂಟಮ್ ಬಿಡುಗಡೆ ಮಾಡಿದ, ಆಮೇಲೆ ಇವರು 400 ವರ್ಷ ಅವನ ವಂಶಕ್ಕೆ ನಿಷ್ಠರಾಗಿ ಉಳಿದರು. ಇವರ ನಾಯಕ ಗುರನ್. ಈಗಿನ ಫ್ಯಾಂಟಮ್‌ನ ಬಾಲ್ಯದ ಗೆಳೆಯ.

ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯ ಸಿದ್ದಿ. ಹಳಿಯಾಳದ ಕಡೆಯ ಹಳ್ಳಿಯವನು. ಗೊತ್ತಿಲ್ಲದವರಿಗೆ: ಸಿದ್ದಿಗಳು ಆಫ್ರಿಕ ಮೂಲದವರು. ಹಳಿಯಾಳ, ಯಲ್ಲಾಪುರ, ಜೋಯಿಡಾ, ಮುಂಡಗೋಡ, ಅಂಕೋಲಾ ಕಡೆಯ ಕಾಡಿನಂಚಿನಲ್ಲಿ ತಲೆಮಾರುಗಳಿಂದ ಇದ್ದಾರೆ. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಧರ್ಮದವರಿದ್ದಾರೆ. ಮನೆಯಲ್ಲಿ ಕೊಂಕಣಿಯದೇ ಒಂದು ಬಗೆ, ಹೊರಗೆ ಕನ್ನಡ, ಮರಾಠಿ, ಉರ್ದು.

ನಾವು ಫ್ಯಾಂಟಮ್ ಆಟ ಆಡುತ್ತಿದ್ದೆವು. ಪುಸ್ತಕ ನನ್ನದು, ಹಾಗಾಗಿ ಫ್ಯಾಂಟಮ್ ನಾನು. ಅವನು ಯಾವಾಗಲೂ ಗುರನ್. ನಮ್ಮೂರಲ್ಲಿ ಹಿಂದಿ ಉರ್ದು ಬಾರದ ಹುಡುಗ ಇಲ್ಲ, ಬಂದರ್ ಅಂದರೆ ಮಂಗ ಅನ್ನೋದು ಎಲ್ಲರಿಗೂ ಗೊತ್ತು. ಆಟ ಮುಗಿದ ಮೇಲೂ ಆ ಹೆಸರು ಉಳಿಯಿತು. ಕ್ಲಾಸಿನವರೆಲ್ಲ ಕರೆಯತೊಡಗಿದರು. ಶುರು ಮಾಡಿದ್ದು ನಾನು. ಅವನು ಒಮ್ಮೆಯೂ ಜಗಳ ಆಡಲಿಲ್ಲ, ಒಂದು ದಿನ ಆಟಕ್ಕೆ ಬರೋದನ್ನು ಬಿಟ್ಟ. ನಾನು ಆಗ 'ಇವನಿಗೆ ಕ್ರಿಕೆಟ್ ಹುಚ್ಚು ಹತ್ತಿದೆ' ಅಂದುಕೊಂಡಿದ್ದೆ.

ಈ ಸಲ ಅದೇ ಪುಸ್ತಕ ತೆರೆದಾಗ ಹೊಟ್ಟೆಯಲ್ಲಿ ಕಲ್ಲು ಹಾಕಿದ ಹಾಗಾಯಿತು. ಇತಿಹಾಸವನ್ನು ಸ್ವಲ್ಪ ಜೋಡಿಸಿ ನೋಡಿ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಹಿಂದೂ ಮಹಾಸಾಗರದ ಹಡಗುಗಳಲ್ಲಿ ಆಫ್ರಿಕದ ಜನರನ್ನು ಗುಲಾಮರನ್ನಾಗಿ ತಂದರು. ನಮ್ಮ ಸಿದ್ದಿಗಳಲ್ಲಿ ಅನೇಕರ ಹಿರಿಯರು ಹಾಗೆ ಗೋವಾಕ್ಕೆ ಬಂದು, ಒಡೆಯರಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಈ ಕಾಡು ಸೇರಿದವರು. ಕಾಮಿಕ್ಸಿನಲ್ಲಿ ಅದೇ ಶತಮಾನದಲ್ಲಿ ಒಬ್ಬ ಬಿಳಿಯ ದಡಕ್ಕೆ ಬಿದ್ದು ಕರಿಯ ಗುಲಾಮರನ್ನು ಬಿಡಿಸುತ್ತಾನೆ. ಇಲ್ಲಿ, ಕಾಳಿ ಕಣಿವೆಯಲ್ಲಿ, ಬಿಳಿಯರು ಹಡಗಿನಲ್ಲಿ ತಂದವರು ತಮ್ಮನ್ನು ತಾವೇ ಬಿಡಿಸಿಕೊಂಡರು. ಯಾವ ಫ್ಯಾಂಟಮ್ಮೂ ಬರಲಿಲ್ಲ. ನಿಜವಾದ ಸಾಹಸ ಯಾವುದು ಹೇಳಿ? ಆ ಕಥೆಯ ಹೀರೋನ ಮೊಮ್ಮಗ ನನ್ನ ಪಕ್ಕದಲ್ಲೇ ಕೂತಿದ್ದ, ನಾನು ಅವನಿಗೆ ಗುರನ್ ಪಾತ್ರ ಕೊಟ್ಟೆ.

ಫಾಕ್ ಕೆಟ್ಟವನಲ್ಲ. ತನ್ನ ಕಾಲದ ಮಟ್ಟಿಗೆ ಒಳ್ಳೆಯ ಮನಸ್ಸಿನವನೇ, ಅಧ್ಯಕ್ಷ ಲುವಾಗಾನನ್ನು ತಂದವನು ಅವನೇ. ಆದರೆ ಹಳೆಯ ಸಾಫ್ಟ್‌ವೇರಿಗೆ ಹೊಸ ಫೀಚರ್ ಸೇರಿಸಿದ ಹಾಗಾಯಿತು ಅದು. ಮೇಲಿನ ಪದರ ಬದಲಾಯಿತು, ತಳದಲ್ಲಿ ಇದ್ದ ಒಂದು ಸಾಲು ಮಾತ್ರ ಹಾಗೇ ಉಳಿಯಿತು: ಸಿಂಹಾಸನದ ಮೇಲೆ ಯಾರು, ಪಕ್ಕದಲ್ಲಿ ನಿಂತವನು ಯಾರು.

ಆ ಸಾಲನ್ನು ಮುಟ್ಟಿದವರೂ ಇದ್ದಾರೆ. ಬ್ಲ್ಯಾಕ್ ಪ್ಯಾಂಥರ್ ಕಥೆ ನೋಡಿ. 1966ರಲ್ಲಿ ಸ್ಟಾನ್ ಲೀ, ಜ್ಯಾಕ್ ಕರ್ಬಿ ಅವನನ್ನು ತಂದಾಗ ಬೇರೆಯವರ ಕಥೆಗೆ ಬಂದ ಅತಿಥಿ. ಮಾರ್ವೆಲ್‌ನಲ್ಲಿ 'ಜಂಗಲ್ ಆ್ಯಕ್ಷನ್' ಅಂತ ಒಂದು ಪತ್ರಿಕೆ ಇತ್ತು. ಕಾಡಿನ ಬಿಳಿಯ ನಾಯಕರ ಹಳೆಯ ಕಥೆಗಳನ್ನು ಮರುಮುದ್ರಿಸುತ್ತಿದ್ದರು. ಕರಡು ತಿದ್ದುತ್ತಿದ್ದ ಡಾನ್ ಮೆಕ್‌ಗ್ರೆಗರ್ ಇದನ್ನು ಪ್ರಶ್ನಿಸಿದ. 1973ರಲ್ಲಿ ಅದೇ ಪತ್ರಿಕೆಯಲ್ಲಿ ಬ್ಲ್ಯಾಕ್ ಪ್ಯಾಂಥರ್ ಬರೆಯೋ ಅವಕಾಶ ಸಿಕ್ಕಿತು. ಅವನು ಕಥೆಯನ್ನು ವಕಾಂಡಾದೊಳಗೇ ಇಟ್ಟ. ನಾಯಕ, ಮುಖ್ಯ ಖಳ, ಸಿಪಾಯಿ, ಹೆಚ್ಚು ಕಡಿಮೆ ಎಲ್ಲರೂ ಆಫ್ರಿಕನ್ನರೇ. 1998ರಲ್ಲಿ ಕ್ರಿಸ್ಟೋಫರ್ ಪ್ರೀಸ್ಟ್ ಬಂದು ಅದೇ ರಾಜನನ್ನು ಚಾಣಾಕ್ಷ ರಾಜಕಾರಣಿಯನ್ನಾಗಿ ಮಾಡಿದ. 2016ರಲ್ಲಿ ಪತ್ರಕರ್ತ ಟಾ-ನೆಹಿಸಿ ಕೋಟ್ಸ್ ಬಂದು ಇನ್ನೂ ಬುಡಕ್ಕೆ ಕೈ ಹಾಕಿದ: ರಾಜ ಎಷ್ಟೇ ಒಳ್ಳೆಯವನಿರಲಿ, ಜನರಿಗೆ ರಾಜ ಯಾಕೆ ಬೇಕು? ದಿರಿಸು ಅದೇ, ಹೆಸರು ಅದೇ. ಬರೆಯುವವನು ಯಾವ ಪ್ರಶ್ನೆ ಕೇಳುತ್ತಾನೋ ಪಾತ್ರ ಅದಕ್ಕೆ ಉತ್ತರವಾಗುತ್ತದೆ.

ಇತ್ತ ನಮ್ಮ ಕಾಡಿನಲ್ಲೂ ಕಥೆ ನಿಂತಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಸಿದ್ದಿ ಸಮುದಾಯದ ಮೊದಲ ಶಾಸಕ. ಲುವಾಗಾನನ್ನು ಬರೆಯೋಕೆ ಒಬ್ಬ ಫಾಕ್ ಬೇಕಾಯಿತು, ಇವರು ತಾವೇ ಬಂದರು.

ವಾಪಸ್ ಬರೋ ಮುಂಚೆ ಗೆಳೆಯನಿಗೆ ಫೋನ್ ಮಾಡಿದೆ. ಎಷ್ಟೋ ವರ್ಷದ ಮೇಲೆ. ಸುತ್ತು ಮಾತೆಲ್ಲ ಆದ ಮೇಲೆ ವಿಷಯ ತೆಗೆದೆ, ತಪ್ಪಾಯ್ತು ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಕ್ಕ. "ಹೆಸರಿಟ್ಟಿದ್ದು ಹೋಗ್ಲಿ ಬಿಡೋ. ಅಷ್ಟು ದಿನಾ ಆಡಿದ್ವಿ, ಒಂದ್ ದಿನಾನೂ ನಂಗ ಫ್ಯಾಂಟಮ್ ಆಗು ಅನ್ಲಿಲ್ಲಲ್ಲ ನೀ" ಅಂದ.

ನಾನು ಏನೂ ಹೇಳಲಿಲ್ಲ. ಹೇಳೋಕೆ ಏನಿತ್ತು? ಅವನ ಮಗ ಈಗ ಎರಡನೇ ಕ್ಲಾಸು. ಓದೋದಕ್ಕೆ ಹುಚ್ಚಂತೆ. ಟ್ರಂಕಿನ ಪುಸ್ತಕ ಕೊಡ್ಲಾ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಬಹಾದೂರ್ ಇದ್ದ ನಾಲ್ಕು ಬೈಂಡು ಮಾತ್ರ ಬೇರೆ ಎತ್ತಿಟ್ಟಿದ್ದೀನಿ. ಮುಂದಿನ ಸಲ ಹೋದಾಗ ಹಳಿಯಾಳಕ್ಕೆ ಒಂದು ಸುತ್ತು ಹಾಕಬೇಕು.

ಕಾಳಿ ಕಣಿವೆಗೆ ಗುಲಾಮಗಿರಿ ಬಿಟ್ಟು ಓಡಿ ಬಂದವರ ಕಥೆಯನ್ನು ಕನ್ನಡದಲ್ಲಿ ಚಿತ್ರಕಥೆ ಮಾಡಿದರೆ ಹೇಗಿರುತ್ತೆ? ಬರೆಯೋದು ಮಾತ್ರ ನಾನಲ್ಲ, ನನ್ನ ಸರದಿ ಮುಗಿದಿದೆ :) ಬರೆಯಬಲ್ಲ ಸಿದ್ದಿ ಹುಡುಗರು, ಹುಡುಗಿಯರು ನಿಮಗೆ ಗೊತ್ತಿದ್ದರೆ ಅವರಿಗೆ ಇದನ್ನು ತಲುಪಿಸಿ. ಕಂಪ್ಯೂಟರ್ ಕೆಲಸ ಏನಾದರೂ ಇದ್ದರೆ ನಾನು ಮಾಡಿಕೊಡ್ತೀನಿ, ಪಕ್ಕದಲ್ಲಿ ನಿಂತುಕೊಂಡು.