ಗಾಡ್ಜಿಲ್ಲಾ ಗೊಂಬೆ ಸಂಗ್ರಹ: ಹೊಸದನ್ನು ಕೊಳ್ಳುವ ಮುನ್ನ ಏನು ನೋಡಬೇಕು? ಸುಂಕ ಎಷ್ಟು?

2024ರ ಮಾರ್ಚ್‌ನಲ್ಲಿ ಆಸ್ಕರ್ ವೇದಿಕೆ ಏರಿದ ‘ಗಾಡ್ಜಿಲ್ಲಾ ಮೈನಸ್ ಒನ್’ ತಂಡದವರ ಕೈಯಲ್ಲಿ ಗಾಡ್ಜಿಲ್ಲಾ ಗೊಂಬೆಗಳಿದ್ದವು. ಅತ್ಯುತ್ತಮ ವಿಷುವಲ್ ಎಫೆಕ್ಟ್ಸ್ ಪ್ರಶಸ್ತಿ ಗೆದ್ದ ಮೊದಲ ಜಪಾನಿ ಚಿತ್ರ ಅದು. ನಿರ್ದೇಶಕ ತಕಾಶಿ ಯಮಝಾಕಿ ಅವರಂತಹ ಹಿರಿಯರೇ ಹೆಮ್ಮೆಯಿಂದ ಹಿಡಿದು ನಿಲ್ಲುವ ಈ ಗೊಂಬೆಗಳನ್ನು ಮಕ್ಕಳ ಆಟಿಕೆ ಎಂದು ಪಕ್ಕಕ್ಕೆ ಸರಿಸುವಂತಿಲ್ಲ. ಜಪಾನಿನಲ್ಲಿ ಇದು ದಶಕಗಳಷ್ಟು ಹಳೆಯ ಹವ್ಯಾಸ. ಭಾರತದಲ್ಲಿ ಕೂತು ಕೊಳ್ಳುವವರಿಗೆ ಮಾತ್ರ ಸುಂಕ, ನಕಲಿ, ಹವಾಮಾನ ಮೂರರ ಕಾಟವೂ ಇದೆ.

ಮೊದಲ ‘ಗೊಜಿರಾ’ ಚಿತ್ರ ತೆರೆಕಂಡಿದ್ದು 1954ರ ನವೆಂಬರ್ 3ರಂದು. ಅದೇ ವರ್ಷ ಬಿಕಿನಿ ದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಮೀನುಗಾರಿಕಾ ದೋಣಿಯೊಂದರ ಮೇಲೆ ಬಿದ್ದಿತ್ತು. ಆ ಭಯದಲ್ಲಿ ಹುಟ್ಟಿದ ಇಶಿರೋ ಹೋಂಡಾ ಅವರ ಚಿತ್ರದಲ್ಲಿ ಮಕ್ಕಳನ್ನು ನಗಿಸುವಂಥದ್ದು ಏನೂ ಇರಲಿಲ್ಲ. ಗೊಂಬೆಗಳ ಭರಾಟೆ ಶುರುವಾಗಿದ್ದು ಹನ್ನೆರಡು ವರ್ಷಗಳ ನಂತರ. 1966ರಲ್ಲಿ ‘ಅಲ್ಟ್ರಾ ಕ್ಯೂ’, ‘ಅಲ್ಟ್ರಾಮನ್’ ಧಾರಾವಾಹಿಗಳು ಟಿವಿಯಲ್ಲಿ ಬಂದು, ವಾರವಾರವೂ ದೈತ್ಯಪ್ರಾಣಿಗಳು ಮನೆಯೊಳಕ್ಕೇ ನುಗ್ಗತೊಡಗಿದವು. ಮರುಸಾನ್ ಎಂಬ ಕಂಪನಿ ಅವುಗಳ ಮೆದು ವಿನೈಲ್ ಗೊಂಬೆಗಳನ್ನು ಮಾರುಕಟ್ಟೆಗೆ ತಂದಿತು. ಅದು ದಿವಾಳಿಯಾದ ಮೇಲೆ ಬುಲ್‌ಮಾರ್ಕ್ ಆ ಜಾಗಕ್ಕೆ ಬಂತು. 1977ರಲ್ಲಿ ಅದೂ ಮುಚ್ಚಿತು. ಈ ಎರಡು ಹೆಸರುಗಳಿರುವ ಹಳೆಯ ಗೊಂಬೆ ಸಿಕ್ಕರೆ ಸಂಗ್ರಹಕಾರರು ಇವತ್ತಿಗೂ ಬಿಡುವುದಿಲ್ಲ.

ಮೆದು ವಿನೈಲ್‌ಗೆ ಜಪಾನಿಗಳು ಇಟ್ಟಿರುವ ಹೆಸರು ‘ಸೊಫುಬಿ’. ಸಾಂಪ್ರದಾಯಿಕ ಸೊಫುಬಿ ತಯಾರಿಯನ್ನು ತಿಳಿದರೆ ಬೆಲೆಯ ಗುಟ್ಟೂ ತಿಳಿಯುತ್ತದೆ. ಮೊದಲು ಮೇಣದಲ್ಲಿ ಮೂಲ ಪ್ರತಿಮೆ ಮಾಡುತ್ತಾರೆ. ಅದರ ಮೇಲೆ ವಿದ್ಯುತ್ ಲೇಪನದಿಂದ ಲೋಹದ ಪದರ ಕೂರಿಸಿ, ಒಳಗಿನ ಮೇಣ ಕರಗಿಸಿ ತೆಗೆದರೆ ಅಚ್ಚು ಸಿದ್ಧ. ಅದಕ್ಕೆ ದ್ರವರೂಪದ ವಿನೈಲ್ ಸುರಿದು ಬಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಅಚ್ಚಿನ ಗೋಡೆಗೆ ತಾಗಿದ ಪದರ ಗಟ್ಟಿಯಾಗುತ್ತಿದ್ದಂತೆ ಉಳಿದದ್ದನ್ನು ಹೊರಚೆಲ್ಲಿ, ಇನ್ನಷ್ಟು ಬೇಯಿಸಿ, ಬಿಸಿ ಆರುವ ಮೊದಲೇ ಇಕ್ಕಳದಿಂದ ಎಳೆದು ತೆಗೆಯುತ್ತಾರೆ. ಹಾಗಾಗಿ ಗೊಂಬೆಯ ಒಳಗೆಲ್ಲ ಟೊಳ್ಳು. ಕೈ, ಕಾಲು, ಬಾಲ ಬೇರೆಬೇರೆಯಾಗಿ ಬಂದು ಜೋಡಣೆಯಾಗುತ್ತವೆ. ಒಂದೊಂದನ್ನೂ ಕೈಯಿಂದ ಎಳೆದು ತೆಗೆಯುವ ಕೆಲಸವಾದ್ದರಿಂದ ಸಣ್ಣ ಕಾರ್ಖಾನೆಗಳ ಸೊಫುಬಿ ದುಬಾರಿ.

ಇಂದು ಸಿಗುವ ಬಗೆಗಳು

ಹೊಸಬರಿಗೆ ಸೂಕ್ತವಾದದ್ದು ಬಂದಾಯ್‌ನ ‘ಮೂವಿ ಮಾನ್‌ಸ್ಟರ್ ಸೀರೀಸ್’. ವಿನೈಲ್ ಗೊಂಬೆ, ಕಡಿಮೆ ಕೀಲುಗಳು, ಬೆಲೆಯೂ ಹಗುರ. ಕೈಕಾಲು, ಕುತ್ತಿಗೆ, ಬಾಲಗಳನ್ನು ಬೇಕಾದಂತೆ ತಿರುಗಿಸಿ ಫೋಟೊ ತೆಗೆಯುವ ಆಸೆಯಿದ್ದವರಿಗೆ 2010ರಲ್ಲಿ ಆರಂಭವಾದ ‘ಎಸ್‌.ಎಚ್. ಮಾನ್‌ಸ್ಟರ್‌ಆರ್ಟ್ಸ್’ ಸರಣಿಯಿದೆ. ಎಕ್ಸ್‌ಪ್ಲಸ್ ಕಂಪನಿಯ ದೊಡ್ಡ ವಿನೈಲ್‌ಗಳಿಗೆ ಬಾಡಿಗೆ ಮನೆಯಲ್ಲಿ ಜಾಗ ಹುಡುಕುವುದೇ ಕಷ್ಟ. ಅಮೆರಿಕದ ನೆಕಾ, ಹಾಂಗ್‌ಕಾಂಗ್ ಮೂಲದ ಪ್ಲೇಮೇಟ್ಸ್ ಕೂಡ ಕಣದಲ್ಲಿವೆ.

ಎಲ್ಲ ಗಾಡ್ಜಿಲ್ಲಾ ಒಂದೇ ಅಲ್ಲ ಎಂಬುದು ಇಲ್ಲಿನ ಮೊದಲ ಪಾಠ. 1954ರಲ್ಲಿ 50 ಮೀಟರ್ ಎತ್ತರವಿದ್ದ ಪ್ರಾಣಿ, 2014ರ ಹಾಲಿವುಡ್ ಚಿತ್ರದಲ್ಲಿ 108 ಮೀಟರ್ ಆಗಿತ್ತು. ಹಳೆಯ ಜಪಾನಿ ಚಿತ್ರಗಳಲ್ಲಿ ನಟರು ತೊಡುತ್ತಿದ್ದ ವೇಷಗಳಿಗೂ ಅಡ್ಡಹೆಸರುಗಳಿವೆ. 1962ರದು ‘ಕಿಂಗ್‌ಗೋಜಿ’, 1964ರದು ‘ಮೊಸುಗೋಜಿ’. ಯಾವ ಚಿತ್ರದ್ದು ಬೇಕು ಎಂದು ನಿರ್ಧರಿಸದೆ ಕೊಳ್ಳಲು ಹೊರಟರೆ ಜೇಬು ಖಾಲಿಯಾಗುತ್ತದೆ, ಸಂಗ್ರಹ ಆಗುವುದಿಲ್ಲ.

ಹೊಸ ಗೊಂಬೆಗೆ ಸುದ್ದಿಮೌಲ್ಯವೂ ಉಂಟು. 1998ರ ಹಾಲಿವುಡ್ ‘ಗಾಡ್ಜಿಲ್ಲಾ’ದ ರೂಪವನ್ನು ಬಿಡುಗಡೆಯವರೆಗೆ ಬಚ್ಚಿಡಲು ಗೊಂಬೆಗಳನ್ನೂ ತಡೆಹಿಡಿಯಲಾಗಿತ್ತು. 2021ರ ಮಾರ್ಚ್‌ನಲ್ಲಿ ಭಾರತದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂದ ‘ಗಾಡ್ಜಿಲ್ಲಾ ವರ್ಸಸ್ ಕಾಂಗ್’ ವಿಷಯದಲ್ಲಿ ಆಗಿದ್ದು ಉಲ್ಟಾ. ಚಿತ್ರದಲ್ಲಿ ಮೆಕಾಗಾಡ್ಜಿಲ್ಲಾ ಇದೆ ಎಂಬ ಗುಟ್ಟನ್ನು ಮೊದಲೇ ಸೋರಿಕೆಯಾದ ಆಟಿಕೆಗಳ ಚಿತ್ರಗಳೇ ಬಯಲು ಮಾಡಿದವು.

ಭಾರತದಲ್ಲಿ ಕೊಳ್ಳುವವರು ಗಮನಿಸಿ

ಮಾನ್‌ಸ್ಟರ್‌ಆರ್ಟ್ಸ್‌ನಂಥವು ಸಾಮಾನ್ಯವಾಗಿ ಮುಂಗಡ ಬುಕಿಂಗ್‌ನಲ್ಲೇ ಮಾರಾಟವಾಗುತ್ತವೆ, ಕೈಗೆ ಸಿಗುವುದು ತಿಂಗಳುಗಳ ನಂತರ. ಬುಕಿಂಗ್ ತಪ್ಪಿದವರು ಮರುಮಾರಾಟಗಾರರ ಬಳಿ ಹೋಗಬೇಕು. ನಕಲಿ ಹೊಕ್ಕುವುದು ಇಲ್ಲೇ. ಅಸಲಿಯ ಪೆಟ್ಟಿಗೆಯ ಮೇಲೆ ತಯಾರಕರ ಹೆಸರು, ಚಿತ್ರದ ಹಕ್ಕುದಾರ ಟೋಹೋ ಕಂಪನಿಯ ಕಾಪಿರೈಟ್ ಸಾಲು ಇರಬೇಕು. ವಿನೈಲ್ ಗೊಂಬೆಯಾದರೆ ಅಂಗಾಲನ್ನು ಅಥವಾ ಬಾಲದ ಅಡಿಯನ್ನು ನೋಡಿ, ಅಚ್ಚೊತ್ತಿದ ಗುರುತು ಅಲ್ಲಿರುವುದುಂಟು. ಪೆಟ್ಟಿಗೆಯಿಲ್ಲದೆ ಬರೀ ಪ್ಲಾಸ್ಟಿಕ್ ಚೀಲದಲ್ಲಿ ಬಂದದ್ದು, ಘಾಟು ವಾಸನೆ, ನಿಲ್ಲದ ಕೀಲು, ಹಲ್ಲಿನ ಬಿಳಿ ಬಣ್ಣ ತುಟಿಗೆ ಮೆತ್ತಿರುವುದು: ಇಷ್ಟು ಕಂಡರೆ ಅನುಮಾನಿಸಿ. ಅರ್ಧ ಬೆಲೆಗೆ ‘ಒರಿಜಿನಲ್’ ಎಂದರಂತೂ ಪೆಟ್ಟಿಗೆಯ ನಾಲ್ಕೂ ಬದಿಯ ಫೋಟೊ ಕೇಳಿ. ಕಳಿಸಲು ಹಿಂದೆಮುಂದೆ ನೋಡುವವರಿಗೆ ಹಣ ಹಾಕಬೇಡಿ.

ವಿದೇಶದಿಂದ ನೇರವಾಗಿ ತರಿಸುವುದೂ ಸರಾಗವಲ್ಲ. ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ಮಾಡಿದ ವಸ್ತುಗಳಿಗೆ, ಆಮದಾದವೂ ಸೇರಿ, ಐಎಸ್‌ಐ ಗುರುತು ಕಡ್ಡಾಯ. ಆಟಿಕೆಗಳ ಮೂಲ ಕಸ್ಟಮ್ಸ್ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರ ಬಜೆಟ್‌ನಲ್ಲಿ ಶೇ 70ಕ್ಕೆ ಏರಿತು. ಪೆಟ್ಟಿಗೆಯ ಮೇಲೆ 15 ವರ್ಷ ಮೇಲ್ಪಟ್ಟವರಿಗೆ ಎಂದಿದ್ದರೆ ಇದು ಆಟಿಕೆಯಲ್ಲ, ಸಂಗ್ರಹದ ವಸ್ತು ಎಂದು ವಾದಿಸಬಹುದು. ಒಪ್ಪುವುದು ಬಿಡುವುದು ಪಾರ್ಸೆಲ್ ತೆರೆದು ನೋಡುವ ಅಧಿಕಾರಿಗೆ ಬಿಟ್ಟದ್ದು. ಸ್ನೇಹಿತರಿಂದ ‘ಉಡುಗೊರೆ’ ಎಂದು ಬರೆಸಿ ತರಿಸಿದರೂ ಪ್ರಯೋಜನವಿಲ್ಲ. ರಾಖಿ ಮತ್ತು ಜೀವರಕ್ಷಕ ಔಷಧಗಳನ್ನು ಬಿಟ್ಟು ಉಡುಗೊರೆ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ರದ್ದಾಗಿದೆ. ಆದ್ದರಿಂದ ಬೆಲೆ ಹೋಲಿಸುವಾಗ ಗೊಂಬೆಯ ದರ, ಸಾಗಣೆ, ಸುಂಕ ಮೂರನ್ನೂ ಕೂಡಿಸಿ ನೋಡಿ. ಎಷ್ಟೋ ಸಲ ಇಲ್ಲಿನ ಆಮದುದಾರರ ‘ದುಬಾರಿ’ ಬೆಲೆಯೇ ವಾಸಿ ಎನಿಸುತ್ತದೆ.

ಮುಂಬೈ, ಚೆನ್ನೈನಂಥ ಸೆಕೆಯ ಊರುಗಳಲ್ಲಿ ಕಾಪಾಡುವುದು ಮತ್ತೊಂದು ಕೆಲಸ. ವಿನೈಲನ್ನು ಮೆದುವಾಗಿಸಲು ಬೆರೆಸಿದ ರಾಸಾಯನಿಕ ಕಾಲಕ್ರಮೇಣ ಹೊರಸೂಸಿ ಮೈ ಅಂಟಂಟಾಗುತ್ತದೆ. ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಇದು ಇನ್ನೂ ಹೆಚ್ಚು. ಗಾಳಿಯಾಡುವ, ಬಿಸಿಲು ಬೀಳದ ಕಪಾಟಿನಲ್ಲಿಡಿ. ಅಂಟಾಗಿದ್ದರೆ ಸೌಮ್ಯ ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಪೆಟ್ಟಿಗೆಯಲ್ಲಿ ಅದುಮಿಕೊಂಡು ಬಾಲ ಸೊಟ್ಟಗಾಗಿ ಬಂದರೆ ಗಾಬರಿ ಬೇಡ (ಈ ವರದಿ ಬರೆದವರ ಮೇಜಿನ ಮೇಲೂ ಅಂಥದೊಂದಿದೆ). ಬಿಸಿನೀರಿನಲ್ಲಿ ಕೆಲ ನಿಮಿಷ ಅದ್ದಿ, ಮೆತ್ತಗಾದ ಮೇಲೆ ನೆಟ್ಟಗೆ ಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಹಾಕಿದರೆ ಬಾಲ ಅದೇ ಆಕಾರದಲ್ಲಿ ನಿಲ್ಲುತ್ತದೆ.