ಒಂದೇ ಕ್ಯಾಮೆರಾ, ಇಬ್ಬರು ಯಜಮಾನರು

ಹದಿನೈದಿಪ್ಪತ್ತು ವರ್ಷಗಳ ಹಿಂದೆ ಅಗ್ಗದ ಡಿಜಿಟಲ್ ಕ್ಯಾಮೆರಾಗಳು ಬರುತ್ತಿದ್ದವು. ಕೈಯಲ್ಲಿದ್ದಾಗ ಫೋಟೊ ತೆಗೆದು ತಮ್ಮೊಳಗೇ ಇಟ್ಟುಕೊಳ್ಳುತ್ತಿದ್ದವು. ಯುಎಸ್‌ಬಿ ಕೇಬಲ್ ಹಾಕಿ ಕಂಪ್ಯೂಟರ್‌ಗೆ ಜೋಡಿಸಿದರೆ ಅವೇ ವೆಬ್‌ಕ್ಯಾಮ್ ಆಗುತ್ತಿದ್ದವು. ಲಿನಕ್ಸ್ ಕಂಪ್ಯೂಟರ್‌ನಲ್ಲಿ ಅದರ ಫೋಟೊ ಇಳಿಸಿಕೊಳ್ಳಲು ಹೋದರೆ ಎಷ್ಟೋ ಸಲ ‘ಡಿವೈಸ್ ಬ್ಯುಸಿ’ ಎಂಬ ಉತ್ತರ. ಬಳಸುವವರು ಯಾರೂ ಇಲ್ಲ, ಆದರೂ ಬ್ಯುಸಿ! ಹಾಗಾದರೆ ಅದನ್ನು ಹಿಡಿದುಕೊಂಡವರು ಯಾರು?

ಸ್ವಲ್ಪ ಹಿಂದಕ್ಕೆ ಹೋಗೋಣ. ಯುಎಸ್‌ಬಿಯ ಮೊದಲ ನಿಯಮಾವಳಿ ಬಂದದ್ದು 1996ರ ಜನವರಿಯಲ್ಲಿ. 2001ರ ಜನವರಿಯಲ್ಲಿ ಬಂದ ಲಿನಕ್ಸ್ 2.4ರಲ್ಲಿ ಯುಎಸ್‌ಬಿ ವ್ಯವಸ್ಥೆ ಸೇರಿಕೊಂಡಿತ್ತು. ಯಂತ್ರವನ್ನು ನೇರವಾಗಿ ಮುಟ್ಟುವ ಅಧಿಕಾರ ಕರ್ನಲ್‌ಗೆ ಮಾತ್ರ. ಮೌಸ್, ಪ್ರಿಂಟರ್, ಪೆನ್‌ಡ್ರೈವ್‌ಗಳನ್ನು ಅದರೊಳಗಿನ ಡ್ರೈವರ್‌ಗಳು ನೋಡಿಕೊಳ್ಳುತ್ತವೆ. ಆದರೆ ಸಿಕ್ಕಸಿಕ್ಕ ಸಾಧನಕ್ಕೆಲ್ಲ ಕರ್ನಲ್‌ನಲ್ಲೇ ಡ್ರೈವರ್ ಬರೆಯಲಾಗದು. ಅದಕ್ಕೇ ಹೊರಗಿನ ಪ್ರೋಗ್ರಾಂಗಳಿಗೂ ಒಂದು ಬಾಗಿಲು ಇಟ್ಟರು, ಹೆಸರು ಯುಎಸ್‌ಬಿಎಫ್‌ಎಸ್. ಅದನ್ನು ಸುಲಭವಾಗಿ ಬಳಸಲು ಲಿಬ್‌ಯುಎಸ್‌ಬಿ ಎಂಬ ಲೈಬ್ರರಿ ಬಂತು.

ನಿಯಮ ಮಾತ್ರ ಕಾಲುವೆ ನೀರಿನ ಸರದಿಯಂತೆ: ಒಂದು ಇಂಟರ್‌ಫೇಸ್‌ಗೆ ಒಂದು ಹೊತ್ತಿನಲ್ಲಿ ಒಬ್ಬನೇ ಹಕ್ಕುದಾರ. ಮೊದಲು ಹಿಡಿದವನು ಬಿಡುವವರೆಗೆ ಇನ್ನೊಬ್ಬನಿಗೆ ಇಲ್ಲ.

ಕ್ಯಾಮೆರಾ ಸಿಕ್ಕಿಬಿದ್ದದ್ದು ಇಲ್ಲೇ. ವೆಬ್‌ಕ್ಯಾಮ್ ಕೆಲಸ ಮಾಡಿಸುವ ಜಿಎಸ್‌ಪಿಸಿಎ ಡ್ರೈವರ್ 2008ರಲ್ಲಿ, ಲಿನಕ್ಸ್ 2.6.27ರೊಂದಿಗೆ, ಕರ್ನಲ್ ಒಳಗೇ ಬಂತು. ಫೋಟೊ ಇಳಿಸುವ ಲಿಬ್‌ಜಿಫೋಟೊ2 ಮಾತ್ರ ಹೊರಗಿತ್ತು. ಕೇಬಲ್ ಚುಚ್ಚಿದ ಕೂಡಲೇ ಒಳಗಿನವನು ಕ್ಯಾಮೆರಾ ಹಿಡಿದು ಕೂರುತ್ತಿದ್ದ. ಅವನನ್ನು ಎಬ್ಬಿಸುವ ಆದೇಶವೂ ಇತ್ತು. ಆದರೆ ಎಬ್ಬಿಸಿದ ಪ್ರೋಗ್ರಾಂ ಕೆಲಸ ಮುಗಿದ ಮೇಲೆ ಡ್ರೈವರನ್ನು ಮತ್ತೆ ಕೂರಿಸದಿದ್ದರೆ ವೆಬ್‌ಕ್ಯಾಮ್ ಮಾಯ. ಕೇಬಲ್ ಕಿತ್ತು ಮತ್ತೆ ಹಾಕಬೇಕು.

ಪ್ರಿಂಟರ್‌ನದೂ ಇದೇ ಕಥೆ. 2009ರಲ್ಲಿ ಬಂದ ಕಪ್ಸ್ 1.4 ಲಿಬ್‌ಯುಎಸ್‌ಬಿ ಮೂಲಕ ಪ್ರಿಂಟರ್ ಜೊತೆ ಮಾತಾಡತೊಡಗಿದಾಗ, ಅದನ್ನು ಮೊದಲೇ ಹಿಡಿದಿದ್ದ ಕರ್ನಲ್‌ನ ಯುಎಸ್‌ಬಿಎಲ್‌ಪಿ ಡ್ರೈವರ್ ಅಡ್ಡ ಬಂತು. ಹಲವರು ಆ ಡ್ರೈವರನ್ನೇ ನಿಷೇಧದ ಪಟ್ಟಿಗೆ ಹಾಕಿ ಪ್ರಿಂಟ್ ತೆಗೆದರು.

ಇವೆಲ್ಲ ಕಿರಿಕಿರಿ ಅಷ್ಟೇ ಎನ್ನಬಹುದು. ನಿಜವಾದ ಅಪಾಯ ಪೆನ್‌ಡ್ರೈವ್‌ನಲ್ಲಿತ್ತು. ಫೈಲ್ ಬರೆಯುತ್ತಿರುವಾಗಲೇ ವರ್ಚುವಲ್ ಯಂತ್ರವೊಂದು ಅದನ್ನು ಡ್ರೈವರ್ ಕೈಯಿಂದ ಕಿತ್ತುಕೊಂಡರೆ ಫೈಲೇ ಹಾಳು. ಕಿತ್ತುಕೊಳ್ಳುವವನಿಗೆ ಹಕ್ಕಿತ್ತು, ‘ಈಗ ಆಗಲ್ಲ’ ಎನ್ನುವ ಬಾಯಿ ಡ್ರೈವರ್‌ಗೆ ಇರಲಿಲ್ಲ. 2011ರಲ್ಲಿ ಯುಎಸ್‌ಬಿ ಅಭಿವೃದ್ಧಿಗಾರರ ನಡುವೆ ಈ ಪ್ರಶ್ನೆ ಜೋರಾಗಿ ಚರ್ಚೆಗೆ ಬಂತು. ಮುಂದೆ ನಿಂತು ಎತ್ತಿದವರು ಹಾನ್ಸ್ ಡಿ ಗುಡೆ. ವೆಬ್‌ಕ್ಯಾಮ್ ಡ್ರೈವರ್‌ಗಳು, ವರ್ಚುವಲ್ ಯಂತ್ರಗಳು ಎರಡರಲ್ಲೂ ಕೆಲಸ ಮಾಡಿದವರು, ಹಾಗಾಗಿ ಎರಡೂ ಕಡೆಯ ಕಷ್ಟ ಬಲ್ಲವರು.

ಪರಿಹಾರ ಒಂದೇ ಏಟಿಗೆ ಬರಲಿಲ್ಲ. ಮೊದಲು ಡ್ರೈವರನ್ನು ಎಬ್ಬಿಸುವುದು, ಹಕ್ಕು ಪಡೆಯುವುದು ಎರಡು ಬೇರೆ ಹೆಜ್ಜೆಗಳಾಗಿದ್ದವು. ನಡುವೆ ಮೂರನೆಯವನು ನುಗ್ಗಲು ಜಾಗವಿತ್ತು. 2012ರಲ್ಲಿ ಎರಡನ್ನೂ ಒಂದೇ ಆದೇಶವಾಗಿ ಕಟ್ಟಿದರು. ‘ಇಂಥ ಡ್ರೈವರ್ ಇದ್ದರೆ ಮಾತ್ರ ಎಬ್ಬಿಸು’ ಎಂದು ಹೆಸರು ಹೇಳುವ ಅವಕಾಶವೂ ಅದರಲ್ಲಿತ್ತು. 2013ರಲ್ಲಿ ಲಿಬ್‌ಯುಎಸ್‌ಬಿ, ಪ್ರೋಗ್ರಾಂ ಬಯಸಿದರೆ, ಡ್ರೈವರನ್ನು ತಾನೇ ಎಬ್ಬಿಸಿ ಕೆಲಸವಾದ ಮೇಲೆ ತಾನೇ ಕೂರಿಸುವ ಸೌಲಭ್ಯ ಕೊಟ್ಟಿತು. 2016ರಲ್ಲಿ ಇನ್ನೊಂದು ಬೇಲಿ ಬಂತು: ಸಾಧನವನ್ನು ಬೇರೊಂದು ಪ್ರೋಗ್ರಾಂ ಕೈಗೆ ಕೊಡುವ ಮುಂಚೆ, ಡ್ರೈವರ್ ಎಬ್ಬಿಸುವ ಅಧಿಕಾರವನ್ನೇ ತೆಗೆದುಹಾಕಬಹುದು.

ಗಮನಿಸಿ, ಇದ್ಯಾವುದೂ ನಿಜವಾದ ಪಾಲುಗಾರಿಕೆ ಅಲ್ಲ. ಹಕ್ಕುದಾರ ಈಗಲೂ ಒಬ್ಬನೇ. ಸುಧಾರಿಸಿದ್ದು ಕೈ ಬದಲಾಯಿಸುವ ರೀತಿ ಮಾತ್ರ. ಕೆಲಸ ಮುಗಿದ ಮೇಲೆ ಹಿಂದಿರುಗಿಸುವ ಜವಾಬ್ದಾರಿ ಇವತ್ತಿಗೂ ಬಹುಪಾಲು ಪ್ರೋಗ್ರಾಂ ಬರೆದವರ ಮೇಲೇ ಇದೆ.

ಟಿವಿ ನೋಡಲು ಮಾಡಿದ ಯುಎಸ್‌ಬಿ ಕಡ್ಡಿಯನ್ನು ರೇಡಿಯೊ ಆಲಿಸಲು ಬಳಸುವ ಹವ್ಯಾಸಿಗಳು ಇಂದಿಗೂ ಟಿವಿ ಡ್ರೈವರನ್ನು ನಿಷೇಧದ ಪಟ್ಟಿಗೆ ಹಾಕುವುದುಂಟು. ಆದ್ದರಿಂದ ‘ಬ್ಯುಸಿ’ ಎಂದು ಬಂದರೆ ಸಾಧನ ಕೆಟ್ಟಿದೆ ಎಂದು ಎಸೆಯಬೇಡಿ. ಒಳಗೆ ಯಾರೋ ಹಿಡಿದಿರುತ್ತಾರೆ. ಪೆನ್‌ಡ್ರೈವನ್ನು ವರ್ಚುವಲ್ ಯಂತ್ರಕ್ಕೆ ಒಪ್ಪಿಸುವ ಮುಂಚೆ ಒಮ್ಮೆ ಇಜೆಕ್ಟ್ ಮಾಡಿ. ಕರ್ನಲ್ ಕೇಳದ ಅನುಮತಿಯನ್ನು ನಾವೇ ಕೇಳಿಕೊಂಡಂತೆ ಅದು.